ಚಂದ್ರಕಾಳಿಯ ಹಿಂದ ನಿಂತು

ಆರು ಕೈ ಕಪ್ಪು, ಅದರ ಮ್ಯಾಲೆ ಎರಡು ಕೈ ವಾರ್ನಿಷ್.
ಬೆಟಗೇರಿಯ ನಮ್ಮ ಮಗ್ಗದ ಕುಣಿ ಬರದೀನಿ:
ಕತ್ತಲಿ. ಕತ್ತಲಿಯ ತಳದಾಗ ಅಪ್ಪನ ಎರಡು ಪಾದ,
ತುಳಿಯೋ ಹಲಗಿ ಮ್ಯಾಲೆ.

ಫೋಟೋ ಹೊಡದರ ಪಾದ ಇಲ್ಲ.
ನಾ ಇದ್ದೀನಿ. ನೈಟಿ, ಎತ್ತಿದ ಮೊಣಕೈ,
ಹಿಂದ ಕಿಡಕಿ,
ಕಿಡಕ್ಯಾಗ ಎದುರುಮನಿಯವರ ಒಣಹಾಕಿದ ಲುಂಗಿ.

ಸ್ಟೇಷನ್ ರೋಡಿನ ಚಾಂದನಿ ಸ್ಟುಡಿಯೋದ ದಾವಲಸಾಬ
ನಲವತ್ತು ವರ್ಷ ಗದಗಿನ ಮಾರಿಗಳನ್ನ
ಪಾಸ್‌ಪೋರ್ಟ್ ಸೈಜಿಗೆ ಇಳಿಸಿದಂವ.
ನನ್ನ ಫೋನ್ ನೋಡಿ ನಗಲಿಲ್ಲ.
‘ಕೇರಂ ಆಡೀಯಿಲ್ಲವಾ? ಸ್ಟ್ರೈಕರ್ ದಂಡಿಗೆ
ಹೆಂಗ ಬಡಿತದೋ ಹಂಗ ತಿರುಗತದ.
ಬೆಳಕೂ ಅಷ್ಟ.
ಅದು ತಿರುಗಿ ಬರೂ ಹಾದ್ಯಾಗ ನೀ ನಿಲ್ಲಬ್ಯಾಡ.’
ಹಳೇ ಹ್ಯಾಲೋಜನ್ ಎರಡು, ಬಾಡಿಗಿ ಇಲ್ಲದ ಕೊಟ್ಟ.
ಒಂದರ ಸ್ಟ್ಯಾಂಡಿಗೆ ಎರಡ ಕಾಲು.
ಮೂರನೇದು ಇಟ್ಟಂಗಿ.

ನಲವತ್ತೈದು ಡಿಗ್ರಿ, ಎಡಕ್ಕೊಂದು, ಬಲಕ್ಕೊಂದು.
ಕೋನಮಾಪಕ ಮಗಳ ಕಂಪಾಸ್ ಡಬ್ಬಿಯೊಳಗಿಂದು.
ಬೆಳಕಿನ ಮುಂದ ಕಟ್ಟಿದ ಬಟರ್ ಪೇಪರ್ ಮಿಠಾಯಿ ಅಂಗಡಿದು;
ಬಿಸಿಗೆ ತುಪ್ಪದ ವಾಸನಿ ಎದ್ದು ಇರಿವಿ ಬಂದುವು.
ಕ್ಯಾನ್ವಾಸಿನ ನಡುವ ಪೆನ್ಸಿಲ್ ಹಿಡದರ
ಎರಡೂ ಬದಿ ನೆರಳು ಸಮ ಬೀಳಬೇಕಂತ.
ಬೀಳಲಿಲ್ಲ.
ಇಟ್ಟಂಗಿ ಸರಿಸಿದೆ, ಬಿತ್ತು.

ಹೊಳಪು ಹೋತು.
ಕಿಡಕಿಗೆ ಕೌದಿ ಕಟ್ಟಿದೆ, ಲುಂಗಿನೂ ಹೋತು.
ನಾ ಹೋಗಲಿಲ್ಲ.

‘ನಿನ್ನ ಮುಂದ ಕರೀ ಅರಿವಿ ಕಟ್ಟವ್ವ,’ ಫೋನಿನ್ಯಾಗ ಅಂದ,
‘ಲೆನ್ಸಿನಷ್ಟ ತೂತು ಬಿಡು.’
ಮನಿಯಾಗ ಖರೇ ಕಪ್ಪು ಅನ್ನೂದು ಒಂದ:
ಅವ್ವನ ಚಂದ್ರಕಾಳಿ.
ತವರಿನ ಸೀರಿ, ಅಪ್ಪನ ಮಗ್ಗದ್ದಲ್ಲ.
ಆ ಮಾತು ಅಪ್ಪ ಇರೂತನಕ
ಹಬ್ಬಕ್ಕೊಮ್ಮೆ ನಮ್ಮ ಮನ್ಯಾಗ ಏಳತಿತ್ತು.

‘ಕತ್ತರಿ ಹಚ್ಚತೀಯೇನ?’
ಅವ್ವ ಬಾಗಿಲದಾಗ.

ಹಚ್ಚಲಿಲ್ಲ. ಎರಡು ನಿರಿಗಿ ನಡುವ ಲೆನ್ಸ್ ತೂರಿಸಿ
ಸುತ್ತ ಪಿನ್ನ ಹಾಕಿದೆ.
ಟೈಮರ್ ಹತ್ತು ಸೆಕೆಂಡ್.
ಸೀರಿಯ ಹಿಂದ, ಡಾಂಬರ ಗುಳಿಗಿಯ ವಾಸನಿಯೊಳಗ
ಉಸರ ಹಿಡದು ನಿಂತೆ,
ನನ್ನ ಚಿತ್ರದಿಂದ ನಾ ಹೊರಗ ಹೋಗಲಿಕ್ಕೆ.

ಬಂತು.
ಮೊದಲು ಬಲಗಾಲಿನ ಹೆಬ್ಬೆರಳು.
ನಾ ಬರದಾಗ ಅದು ಇಷ್ಟು ಬಾಗಿತ್ತೇನು?
ಆಮ್ಯಾಲೆ ಹಿಮ್ಮಡ, ಹಿಮ್ಮಡದ ಸೀಳು,
ಸೀಳಿನೊಳಗ ನಾಕನೇ ಕೈ ಕಪ್ಪು
ಐದನೇ ಕೈಗೆ ಜಾಗ ಬಿಟ್ಟದ್ದು.
ಎದುರಿಗೆ ಕುಂತು ಎಂದೂ ಕಂಡಿರಲಿಲ್ಲ, ಚಿತ್ರದಾಗೂ,
ಕುಣಿಯಾಗೂ.

ದೊಡ್ಡದು ಮಾಡಿ ನೋಡಿದೆ. ಎಡ ಮೂಲಿಗೆ
ಬೆಳ್ಳಗ ಏನೋ. ಧೂಳಿ ಅಂತ ಒರಸಿದೆ.
ಧೂಳಿ ಅಲ್ಲ, ಕಸೂತಿ.
ಅವ್ವ ಮದವಿ ಮೊದಲು ಹಾಕಿದ್ದ ಗೋಪುರ
ವಾರ್ನಿಷಿನೊಳಗ ಉಲ್ಟಾ ನಿಂತಿತ್ತು.

ದಾವಲಸಾಬಗ ಕಳಿಸಿದೆ.
‘ಪಾದ ಚಲೋ ಬಂದಾವ. ಸೀರಿ ಮಗಚಿ ಕಟ್ಟಿ ಮತ್ತೊಂದು ಹೊಡಿ.’

ಅವ್ವಗೂ ತೋರಿಸಿದೆ. ಕನ್ನಡಕ ಹುಡುಕಿ ಹಾಕ್ಕೊಂಡು
ಭಾಳೊತ್ತು ನೋಡಿದಳು.
ಪಾದದ ಮಾತ ಎತ್ತಲಿಲ್ಲ.
‘ಇಲ್ಲೊಂದು ಹೊಲಿಗಿ ತಪ್ಪೇದ ನೋಡು,’ ಅಂದಳು,
‘ಇಷ್ಟು ವರ್ಷ ಯಾರೂ ಹೇಳಲೇ ಇಲ್ಲ.’

ಲೈಟು ಆರಿಸಿದ ಮ್ಯಾಲೂ
ತುಪ್ಪದ ವಾಸನಿ ಇತ್ತು.
ಸೀರಿ ಇನ್ನೂ ಮಗಚಿಲ್ಲ.