ಒಳಮಗ್ಗುಲು

ಹೊಸ ಯಜಮಾನರು ಕಳಿಸಿದ ಹುಡುಗ
ಬೂಟು ಬಿಚ್ಚದೆ ಒಗೆಮನೆಗೆ ಬಂದ.
"ಕ್ಲಬ್ಬಿನ ಗುರುತು ಏನು? ಒಂದೇ ಮಾತಲ್ಲಿ ಹೇಳಿ."
ಅವನ ಪರದೆಯ ಮೇಲೆ ಮೂರು ಲಾಂಛನ,
ಮೂರೂ ನುಣುಪು, ಯಾವುದಕ್ಕೂ ಊರಿಲ್ಲ.

ಒಂದೇ ಮಾತಲ್ಲಿ ಮುಗಿಸುವ ಚಾಳಿ
ನಮ್ಮ ವಂಶದಲ್ಲಿಲ್ಲ ಮಗು.
ಮೂವತ್ತೊಂದು ವರ್ಷ ಈ ಅಂಗಿಗಳನ್ನು ನಾನು ಒಗೆದೆ,
ಅದಕ್ಕೆ ಮೊದಲು ಅಮ್ಮ, ಅದಕ್ಕೂ ಮೊದಲು
ಅಜ್ಜಿ ಹಿಲ್ಡೆಗಾರ್ಡ, ಮರದ ತೊಟ್ಟಿಯಲ್ಲಿ, ಬೂದಿನೀರಲ್ಲಿ.

ಇದು ಚಾರ್ನಿ ದೂವ್. ಹೆಸರಿನ ಅರ್ಥ ಕಪ್ಪು ಹಳ್ಳ.
ಕಿಟಕಿ ತೆರೆದಿಟ್ಟರೆ ಹಾಲಿನ ಮೇಲೆ ಮಸಿಯ ಕೆನೆ.
ಅಂಥ ಊರಲ್ಲಿ ಹನ್ನೊಂದು ಮಂದಿ
ಬಿಳಿ ಅಂಗಿ ತೊಟ್ಟು ಆಡಲು ಹೊರಟರು!
ಬುದ್ಧಿ ಇರಲಿಲ್ಲವೆ? ಬುದ್ಧಿ ಇತ್ತು, ದುಡ್ಡಿರಲಿಲ್ಲ.
ಗಣಿಯ ಆಸ್ಪತ್ರೆಯ ಹಳೆ ಹಾಸುಬಟ್ಟೆ ಕತ್ತರಿಸಿ
ಹೊಲಿದ ಅಂಗಿಗಳು. ಒಂದರ ಬೆನ್ನಲ್ಲಿ ಯಾರದೋ ರಕ್ತ,
ಎಷ್ಟು ಉಜ್ಜಿದರೂ ಕಾಸಿನಗಲ ಕಂದು ಉಳಿಯಿತಂತೆ.
ಅಜ್ಜಿ ಹೇಳುತ್ತಿದ್ದಳು: ಬಿಳಿ ಬಣ್ಣವಲ್ಲ ಕಣೆ,
ಬಿಳಿ ಅಂದರೆ ಕೆಲಸ.

ಎದೆಯ ಮೇಲಿನ ಹೆಸರು ಮೊದಲು ಜರ್ಮನ್:
ಇಳಿದವರೆಲ್ಲ ಏರಿ ಬರಲಿ ಎಂಬ
ಗಣಿಯ ಹಾರೈಕೆಯೇ ತಂಡದ ಹೆಸರು.
ಮಹಾಯುದ್ಧ ಮುಗಿದು, ಮತ ಹಾಕಿ, ಬಡಿದಾಡಿ,
ಯಾರೋ ನಕ್ಷೆಯ ಮೇಲೆ ಗೆರೆ ಎಳೆದರು.
ಬೆಳಗಾಗುವಷ್ಟರಲ್ಲಿ ಊರು ಪೋಲೆಂಡ್.
ಅಜ್ಜಿ ಬ್ಲೇಡು ಹಿಡಿದು ಅಕ್ಷರ ಬಿಚ್ಚಿದಳು,
ಹೊಸ ಅಕ್ಷರ ಕೂರಿಸಿದಳು.
ಹದಿನೇಳು ವರ್ಷಕ್ಕೆ ಟ್ಯಾಂಕು ಬಂದು ಮತ್ತೆ ಜರ್ಮನ್.
ಬಿಚ್ಚಿದಳು.
ಆರು ವರ್ಷಕ್ಕೆ ಇನ್ನೊಂದು ದಿಕ್ಕಿನಿಂದ ಇನ್ನೊಂದು ಟ್ಯಾಂಕು,
ಎದೆಗೆ ಸುತ್ತಿಗೆ, ಹಲ್ಲುಚಕ್ರ.
ಬಿಚ್ಚಿದಳು.
ಗಣಿ ಮುಚ್ಚಿದ ವರ್ಷ ಅಮ್ಮನ ಸರದಿ:
ಫ್ರಿಜ್ಜು ಮಾರುವವನ ಹೆಸರು, ಕೆಂಪಲ್ಲಿ,
ಮೊದಲ ಒಗೆತಕ್ಕೇ ಬಣ್ಣ ಬಿಡುವ ಕೆಂಪು.
ಒಂದಿಡೀ ಚಳಿಗಾಲ ನಮ್ಮ ಹುಡುಗರು
ನಸುಗೆಂಪು ಅಂಗಿಯಲ್ಲಿ ಸೋತರು.
ಆಮೇಲೆ ಫ್ರಿಜ್ಜಿನವನೂ ದಿವಾಳಿ.

ಹಳೆ ದಾರವನ್ನು ಅಜ್ಜಿ ಎಸೆಯಲಿಲ್ಲ.
ಅದರಲ್ಲೇ ಗೋಲ್‌ಕೀಪರ್ ಎವಾಲ್ಡ್ ಗ್ರಿಖ್ತೋಲನ ಕಾಲುಚೀಲಕ್ಕೆ ತೇಪೆ.
ಮೂರು ಸರಕಾರದ ಪ್ರಜೆ ಎವಾಲ್ಡ್, ಓಣಿ ದಾಟದೆ.
ಪಾಳಿ ಮುಗಿಸಿ ಗಣಿಯಿಂದ ನೇರ ಗೋಲಿಗೆ;
ಎಷ್ಟು ತೊಳೆದರೂ ರೆಪ್ಪೆಯಂಚಲ್ಲಿ ಕಲ್ಲಿದ್ದಲು.
"ಏನಮ್ಮಾ, ಕಾಡಿಗೆ ಚೆನ್ನಾಗಿದೆ" ಎಂದು
ಪಟ್ಟಣದ ತಂಡದವರು ಕಿಚಾಯಿಸಿದರು.
ಅಂದು ಅವನು ಎರಡು ಪೆನಾಲ್ಟಿ ಹಿಡಿದ.
ಮುಂದಿನ ವಾರ ನಿಂತು ನೋಡುವ ಕಟ್ಟೆಗೆ
ನೂರಾರು ಗಂಡಸರು ಕಣ್ಣಿಗೆ ಮಸಿ ತೀಡಿಕೊಂಡು ಬಂದರು.
ಈಗಲೂ ಬರುತ್ತಾರೆ. ಮಸಿ ಅಂಗಡಿಯದು,
ಮಲೇಷ್ಯಾದ್ದೆಂದು ಡಬ್ಬಿ ಹೇಳುತ್ತದೆ.

ನೋಡು, ಎಂದು ಅಜ್ಜಿಯ ಕಾಲದ ಅಂಗಿ ತಂದು
ಒಳಮಗ್ಗುಲು ತಿರುವಿ ದೀಪಕ್ಕೆ ಹಿಡಿದೆ.
ಬಿಚ್ಚಿದ ಹೊಲಿಗೆಗಳ ತೂತು, ಒಂದರ ಮೇಲೊಂದು,
ಹುಳು ತಿಂದ ಎಲೆಯ ಹಾಗೆ
ಬೆಳಕು ಸೋರುವ ಎಡಗಡೆ.
"ಯಾವ ತೂತು ಯಾವ ಕಾಲದ್ದು?"
ನನಗೇನು ಗೊತ್ತು. ಅಜ್ಜಿಗೂ ಗೊತ್ತಿರಲಿಲ್ಲ.
ಇದನ್ನು ಮುದ್ರಿಸಲಾಗದು ಎಂದು ಬರೆದುಕೊಂಡ.

ಫೋಟೊ ತೆಗೆಯಲೆಂದು ಮೈದಾನಕ್ಕಿಳಿದು
ನಡುಗೆರೆಯಲ್ಲಿ ಚೆಂಡು ಇಟ್ಟ, ಹಿಂದೆ ಸರಿದ.
ಅಜ್ಜಂದಿರು ಅಡಿಯಿಂದ ಅಗೆದು ಬರಿದು ಮಾಡಿದ ನೆಲ ಅದು,
ಬಡಗಣ ಮೂಲೆ ಒಂದೂವರೆ ಗೇಣು ಕುಸಿದಿದೆ,
ಎದುರಾಳಿಗೆ ತಿಳಿಯುವಷ್ಟರಲ್ಲಿ ಪಂದ್ಯ ಮುಗಿದಿರುತ್ತದೆ.
ಚೆಂಡು ಒಂದು ಗಳಿಗೆ ಯೋಚಿಸಿತು,
ಆಮೇಲೆ ತಾನಾಗಿ, ನಿಧಾನ,
ಪಾಳಿ ಮುಗಿಸಿ ಮನೆಗೆ ಹೊರಟವನಂತೆ ಉರುಳಿತು.
ಹುಡುಗ ಅದರ ಹಿಂದೆ ಓಡಿದ.

ಹೊಳೆಯುವ ಬೂಟಿಗೆ ಕರಿ ಕೆಸರು.
ಒರೆಸಲು ಬಟ್ಟೆ ಕೇಳಿದ, ಕೊಟ್ಟೆ;
ಬಿಳಿಯದೇ ಇತ್ತು.