ಕಾರಣ: ಗಾಳಿ

ಪೋರ್ವೆನಿರ್‌ನಲ್ಲಿ ಏಣಿ ಇಡುವ ಮೊದಲು
ಗೋಡೆಯನ್ನಲ್ಲ, ಗಾಳಿಯನ್ನು ನೋಡಬೇಕು.
ಜಲಸಂಧಿಯ ಕಡೆಯಿಂದ ಬರುತ್ತದೆ,
ಬಾಗಿಲು ತಟ್ಟುವ ಅಭ್ಯಾಸವಿಲ್ಲ ಅದಕ್ಕೆ.
ಏಣಿಯ ಬುಡಕ್ಕೆ ಮೊಣಕಾಲು ಒತ್ತಿ ನಿಂತರು ಎದುಲಿಯಾ ಮಾನ್ಸಿಲ್ಯಾ:
"ಹತ್ತು. ಅರವತ್ತೆಂಟು ಕಿಲೋ ಇದ್ದೇನೆ. ಹಾರುವುದಿಲ್ಲ."

ಕ್ಯಾಮೆರಾ ಸತ್ತು ಒಂಬತ್ತು ದಿನ.
ಅದು ಸತ್ತ ರಾತ್ರಿಯೇ ಶೆಡ್ಡಿನಿಂದ
ಹನ್ನೊಂದು ಏಡಿಬುಟ್ಟಿ ಮಾಯ.
ಹೊಸ ಹಗ್ಗದವು ಮಾತ್ರ. ಹಳೆಯವು ಇದ್ದಲ್ಲೇ ಇವೆ.

ನಾನು ಮೊದಲು ಅನುಮಾನಿಸುವುದು ನೀರನ್ನು.
ನೂರರಲ್ಲಿ ತೊಂಬತ್ತು ಸಲ ಅದೇ ಕಳ್ಳ.
ಗಾಜಿನ ಒಳಗೆ ಬೆವರಿದೆಯೇ ನೋಡಿದೆ: ಇಲ್ಲ.
ಮುಚ್ಚಳದ ರಬ್ಬರು ಬಳೆ ಸೊಟ್ಟಗಾಗಿದೆಯೇ: ಇಲ್ಲ.
ತೇವ ಕುಡಿಯಲೆಂದು ಒಳಗಿಟ್ಟ ಹರಳುಗಳು
ಇನ್ನೂ ನೀಲಿ; ಒಂದೂ ಗುಲಾಬಿಗೆ ತಿರುಗಿಲ್ಲ.
ಈ ಊರಲ್ಲಿ ಉಪ್ಪು ಗಾಳಿಯಲ್ಲೇ ಇದೆ,
ಉಪ್ಪು ತಿಂದ ತಾಮ್ರ ನೀರು ಕುಡಿಯಲೇಬೇಕು,
ಆರು ತಿಂಗಳಲ್ಲಿ ಹಸಿರು ಕಕ್ಕಲೇಬೇಕು.
ಇಲ್ಲಿ ಪ್ಲಗ್ಗು ಬಿಚ್ಚಿದರೆ ಮದುವಣಗಿತ್ತಿಯ ಹಾಗೆ ಹೊಳೆಯುತ್ತಿದೆ,
ಸುತ್ತ ಗ್ರೀಸು, ಬೆರಳಿನಿಂದ ಸವರಿದ್ದು.
ವೈರು ಗೋಡೆಯೊಳಗೆ ನುಗ್ಗುವ ಮುಂಚೆ
ಒಮ್ಮೆ ಕೆಳಗೆ ಜೋತು ಮತ್ತೆ ಮೇಲಕ್ಕೆ ಹೋಗಿದೆ,
ಹನಿ ಅಲ್ಲೇ ತೊಟ್ಟಿಕ್ಕಿ ಬೀಳಲೆಂದು.

"ಯಾರು ಕೂರಿಸಿದ್ದು ಇದನ್ನು? ಅಚ್ಚುಕಟ್ಟು ಕೈ."
"ನೋಲ್ಬೆರ್ತೊ. ತಂಗಿಯ ಮಗ.
ಹೋದ ವರ್ಷ ನಿನ್ನ ಏಣಿ ಹೊತ್ತು ತಿರುಗುತ್ತಿದ್ದನಲ್ಲ."
ಹೌದು. ತಿರುಗುತ್ತಿದ್ದ.

ಸೂರಿನ ದೋಣಿಯ ಹಿಂದೆ ಕೈ ಹಾಕಿದೆ.

ಗಾಳಿ ವೈರನ್ನು ಕತ್ತರಿಸುವುದಿಲ್ಲ, ಜಗ್ಗುತ್ತದೆ;
ಎಳೆಗಳು ಪೊರಕೆಯಂತೆ ಕೆದರುತ್ತವೆ.
ಇಲಿಯಾದರೆ ಹಲ್ಲಿನ ಗುರುತು ಬಿಡುತ್ತದೆ.
ಇದು ಬ್ರೆಡ್ಡು ಕೊಯ್ದ ಹಾಗೆ, ಒಂದೇ ಏಟು, ಓರೆ.
ಮತ್ತೆ,
ಎರಡೂ ತುದಿಗೆ ರಬ್ಬರು ಟೇಪು.
ಚೆನ್ನಾಗಿ ಎಳೆದು, ಒಂದು ಸುತ್ತಿನ ಮೇಲೆ ಅರ್ಧ ಸುತ್ತು ಕೂರಿಸಿ,
ಕೊನೆಯ ಬಾಲ ಕೆಳಮುಖವಾಗಿ ಅಂಟಿಸಿ,
ಮಳೆ ಒಳಗೆ ಇಳಿಯದ ಹಾಗೆ.
ಕತ್ತರಿಸಿದವನಿಗೆ ವೈರು ಕೆಡುವುದು ಇಷ್ಟವಿರಲಿಲ್ಲ.
"ಬಾಲ ಕೆಳಗೆ, ಪೆದ್ದ, ಬಾಲ ಕೆಳಗೆ" ಎಂದು
ಹೋದ ಚಳಿಗಾಲವಿಡೀ ಕಿರುಚಿದವನು ನಾನೇ.

ಇಳಿದೆ. ಏನೂ ಹೇಳಲಿಲ್ಲ.
ಅವರು ಕೈ ಚಾಚಿದರು, ತುಂಡನ್ನು ಕೊಟ್ಟೆ.
ಏಡಿಯ ಕೊಂಡಿ ತಿರುಗಿಸಿ ನೋಡುವಂತೆ ನೋಡಿದರು,
ಟೇಪಿನ ಮೇಲೆ ಹೆಬ್ಬೆರಳು ಎರಡು ಸಲ ಓಡಿತು.
ಹದಿನಾಲ್ಕು ವರ್ಷ ಆ ಅಡುಗೆಮನೆಯ ಉಪ್ಪು ತಿಂದ ಹುಡುಗ.
ಒಳಗೆ ಹೋಗಿ ಮಾತೆ ಹಿಂಡಿ ತಂದರು,
ತಾವೇ ಮೊದಲು ಕುಡಿದರು, ನಾಲಿಗೆ ಸುಟ್ಟುಕೊಂಡರು.

"ಚೆನ್ನಾಗಿಯೇ ಕಲಿಸಿದ್ದೀ," ಅಂದರು.

ಜೋಡಿಸಿದೆ. ಪರದೆಯಲ್ಲಿ ಅಂಗಳ ಬಂತು:
ಶೆಡ್ಡು, ನಾಯಿಯ ಅರ್ಧ ಬಾಲ, ಗೇಟು,
ಮೂಲೆಯಲ್ಲಿ ನನ್ನ ಏಣಿಯ ಕಾಲು.
ಅವರು ಬಹಳ ಹೊತ್ತು ನೋಡಿದರು.
"ಸ್ವಲ್ಪ ಎಡಕ್ಕೆ ತಿರುಗಿಸು.
ಇನ್ನೂ. ಇನ್ನೊಂದು ಚೂರು.
ಗೇಟಿನ ಹತ್ತಿರ ಬುಟ್ಟಿ ಇಡುವಷ್ಟು ಜಾಗ
ಕಾಣದಿರಲಿ."
ಮೂವತ್ತು ವರ್ಷದಲ್ಲಿ ಕುರುಡು ಜಾಗ ಬೇಕೆಂದು
ಕೇಳಿದವರು ಇವರೊಬ್ಬರೇ.
ತಿರುಗಿಸಿ ಸ್ಕ್ರೂ ಬಿಗಿದೆ, ಗಾಳಿಗೆ ಅಲುಗದ ಹಾಗೆ.

ಬಿಲ್ಲಿನಲ್ಲಿ ದೋಷದ ಕಾರಣ ಬರೆಯುವ ಒಂದು ಸಾಲಿದೆ.
ಪೆನ್ನು ಹಿಡಿದು ಅವರ ಮುಖ ನೋಡಿದೆ.
"ಗಾಳಿ ಅಂತ ಬರೆ.
ಅದು ಎಷ್ಟೆಲ್ಲ ಹೊತ್ತಿದೆ, ಇದನ್ನೂ ಹೊರಲಿ."

ಬರೆದೆ. ಕಾಗದ ಕೈಗೆ ಕೊಡುವಾಗ
ಇಬ್ಬರೂ ಗಟ್ಟಿಯಾಗಿ ಹಿಡಿದುಕೊಳ್ಳಬೇಕಾಯಿತು.