ಹಿಂದಕ್ಕ ಎಣಿಸೋದು

ಲಸುಮವ್ವನ ಮೊಮ್ಮಗನ ಕಿವಿ ಹಿಂದ ಕೆಂಪು.
“ಅವ್ವ ಬಂದಾಳ” ಅಂದ್ರು ಶಹಾಬಾದಿನ ಗಣಿ ಓಣ್ಯಾಗ.
ದಡಾರ, ಅಂತ ಬರಕೊಂಡೆ.

ಫರಸಿ ಮ್ಯಾಲ ಖಡುವಿನಿಂದ ಮನಿ ಗೀಚಿ
ಹಿಂದಕ್ಕ ಎಣಿಸಿದೆ. ಹದಿನಾಕು ದಿನ:
ಅಂಗನವಾಡಿ, ಮುಚ್ಚಿದ ಕಿಟಕಿ, ಒಂದೇ ಚಾಪಿ.
ಕೆಮ್ಮಿದ ಕೂಸು ಎದ್ದು ಹೋದ ಮ್ಯಾಲೂ
ಅದರ ಉಸಿರು ಅಲ್ಲೇ
ಎರಡು ತಾಸು ಕುಂತಿರ್ತದ.
ಸೂಜಿ ಕಾಣದವರ ನಡುವ
ಒಬ್ಬರಿಂದ ಹದಿನೈದು ಮಂದಿ.

ಮತ್ತೂ ಹಿಂದಕ್ಕ.
ಗೆರಿ ಎಲ್ಲಾ ಕೂಡಿ ಬಂದು ನಿಂತದ್ದು
ನನ್ನ ತಂಗಿ ಶಿವಲೀಲಾನ ಬಾಗಿಲಿಗೆ.

ವಹಿ ತೆರೆದೆ. ಆಕಿ ಮಗಳ ಹೆಸರಿನ ಮುಂದ
ಎರಡೂ ಚೌಕದಾಗ ಟಿಕ್ಕು, ನನ್ನದೇ ಕೈ.
ಆವತ್ತು ಕೂಸು ಮಲಗಿತ್ತು.
“ಎಬ್ಬಿಸಬ್ಯಾಡ, ನಾಳೆ ಬರ್ತೀನಿ” ಅಂದಿದ್ದೆ.
ಹಾಕಿದ್ದು ಟಿಕ್ಕು ಅಷ್ಟೇ.

ಫರಸಿ ತೊಳೀಲಿಕ್ಕೆ ಕೊಡ ತಂದಳು ತಂಗಿ.
ಇರಲಿ, ಅಂದೆ.